ಹೆಸರು ಹೇಳಬೇಕಾ, ಬೇಡವಾ: ನಿಮ್ಮ ಆನ್‌ಲೈನ್ ಕೋಣೆಗೆ ಯಾವ ಬಗೆಯ ಗುರುತು ಸರಿ?

ಸಂಕ್ರಾಂತಿಗೆ ಹಾಸನದಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಎಳ್ಳು ಬೀರಿ ಬಂದು ಆಗಷ್ಟೇ ಕೂತಿದ್ದೆವು. ಅಕ್ಕನ ಮಗಳು ಟ್ಯಾಬ್ ಹಿಡಿದುಕೊಂಡು ಬಂದಳು. "ಚಿಕ್ಕಮ್ಮ, ಇದು ಮುಖ ತೋರಿಸು ಅಂತಿದೆ. ತೋರಿಸ್ಲಾ?"

ಅವಳಿಗೆ 14 ವರ್ಷ. ಅವಳು ಆಡುವ ಆಟದಲ್ಲಿ ಬೇರೆಯವರ ಜೊತೆ ಮಾತಾಡಬೇಕಾದರೆ ಈಗ ಕ್ಯಾಮೆರಾ ಮುಂದೆ ಮುಖ ಹಿಡಿಯಬೇಕು. ಎಡಕ್ಕೆ, ಬಲಕ್ಕೆ ತಿರುಗಿಸಬೇಕು. ಅದು ವಯಸ್ಸನ್ನು ಅಂದಾಜು ಮಾಡಿ ಒಂದು ಗುಂಪಿಗೆ ಸೇರಿಸುತ್ತದೆ. ಅಕ್ಕ ಅಡುಗೆಮನೆಯಿಂದಲೇ "ಏನೂ ಬೇಡ, ಮುಚ್ಚಿಡು" ಅಂದಳು. ಭಾವ "ಮಕ್ಕಳ ಒಳ್ಳೇದಕ್ಕೇ ಅಲ್ವಾ ಮಾಡಿರೋದು" ಅಂದರು. ಇಬ್ಬರ ಮಾತಲ್ಲೂ ನಿಜ ಇತ್ತು. ಅವಳು ನನ್ನ ಮುಖ ನೋಡುತ್ತಾ ನಿಂತಿದ್ದಳು.

ನನಗೆ ಈ ಪ್ರಶ್ನೆ ಹೊಸದಲ್ಲ. ನಾವು ಐದು ಜನ ಸೇರಿ ಕನ್ನಡದವರಿಗಾಗಿ ಡಿಸ್ಕಾರ್ಡ್ ಎಂಬ, ಗುಂಪಾಗಿ ಮಾತಾಡುವ ಆ್ಯಪ್‌ನಲ್ಲಿ ಒಂದು ಜಾಗ ನಡೆಸುತ್ತೇವೆ. ಮೈಸೂರಿನವರಿದ್ದಾರೆ, ಪುಣೆಯವರಿದ್ದಾರೆ, ದುಬೈ, ಡಲ್ಲಾಸ್‌ನಿಂದ ಬರುವವರಿದ್ದಾರೆ. ಶನಿವಾರ ರಾತ್ರಿ ಅಂತ್ಯಾಕ್ಷರಿ, ಉಳಿದ ದಿನ ಆಟ, ಹರಟೆ. ಒಳಗೆ ಬರುವವರ ಹೆಸರು ಕೇಳಬೇಕಾ, ದಾಖಲೆ ಕೇಳಬೇಕಾ, ಏನೂ ಕೇಳದೆ ಬಿಡಬೇಕಾ ಅಂತ ಎರಡು ವರ್ಷ ಗುದ್ದಾಡಿದ್ದೇವೆ. ಒಂದು ತಪ್ಪನ್ನೂ ಮಾಡಿದ್ದೇವೆ, ಅದನ್ನು ಮುಂದೆ ಹೇಳುತ್ತೇನೆ. ನೀವೂ ಇಂಥ ಜಾಗ ನಡೆಸುವವರಾದರೆ, ಅಥವಾ ಮನೆಯ ಮಕ್ಕಳು ಇಂಥ ಜಾಗಕ್ಕೆ ಹೋಗುತ್ತಿದ್ದರೆ, ಇರುವ ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ ಬನ್ನಿ.

ಕೇಳುತ್ತಿರುವುದು ಯಾವ ಪ್ರಶ್ನೆ?

"ನಿನ್ನ ಗುರುತು ತೋರಿಸು" ಅನ್ನುವಾಗ ನಾವು ನಾಲ್ಕು ಬೇರೆ ಪ್ರಶ್ನೆಗಳನ್ನು ಒಂದೇ ಉಸಿರಲ್ಲಿ ಕೇಳಿರುತ್ತೇವೆ. ನೀನು ಯಾರು? ನಿನ್ನ ವಯಸ್ಸೆಷ್ಟು? ನೀನು ನಿಜವಾದ ಮನುಷ್ಯನಾ, ಒಬ್ಬನೇ ಹತ್ತು ಅಕೌಂಟ್ ಇಟ್ಟುಕೊಂಡಿಲ್ಲ ತಾನೇ? ಹೋದ ವಾರ ಬಂದವನೇ ಈ ವಾರವೂ ಬಂದಿದ್ದೀಯಾ?

ಹೆಚ್ಚಿನ ಜಾಗಗಳಿಗೆ ಇವುಗಳಲ್ಲಿ ಒಂದೋ ಎರಡೋ ಪ್ರಶ್ನೆಗೆ ಉತ್ತರ ಸಿಕ್ಕರೆ ಸಾಕು. ನಮ್ಮ ಅಂತ್ಯಾಕ್ಷರಿಗೆ ಬೇಕಾಗಿದ್ದು ಕೊನೆಯ ಪ್ರಶ್ನೆಯ ಉತ್ತರ ಮಾತ್ರ. ಆದರೆ ಆಧಾರ್ ಕಾರ್ಡ್ ಕೇಳಿದರೆ ನಾಲ್ಕಕ್ಕೂ ಉತ್ತರ ಬರುತ್ತದೆ. ಜೊತೆಗೆ ಮನೆ ವಿಳಾಸ, ಫೋಟೊ, ಹುಟ್ಟಿದ ದಿನ ಕೂಡ ಬರುತ್ತದೆ. ಬೇಕಿಲ್ಲದ್ದು ಕೈಗೆ ಬಂದಮೇಲೆ ಅದನ್ನು ಕಾಯುವ ಹೊಣೆಯೂ ನಮ್ಮದೇ ಆಗುತ್ತದೆ. ಹಾಗಾಗಿ ಆಯ್ಕೆಗೆ ಮೊದಲು ಒಂದು ಹಾಳೆ ತೆಗೆದುಕೊಂಡು ಬರೆಯಿರಿ: ನಮ್ಮ ಜಾಗದಲ್ಲಿ ಆಗಬಹುದಾದ ಅತಿ ಕೆಟ್ಟ ಸಂಗತಿ ಯಾವುದು? ಅದನ್ನು ತಡೆಯಲು ಈ ನಾಲ್ಕರಲ್ಲಿ ಯಾವುದು ಗೊತ್ತಿರಬೇಕು? ಈ ಹಾಳೆ ಇಲ್ಲದೆ ಮುಂದೆ ಹೋಗಬೇಡಿ.

ಹೆಸರೇ ಇಲ್ಲದೆ ಬರುವುದು

ಮೊದಲ ದಾರಿ, ಯಾರು ಏನು ಅಂತ ಕೇಳದೆ ಬಾಗಿಲು ತೆರೆದಿಡುವುದು. ಇದನ್ನು ಕೆಟ್ಟದ್ದು ಅಂತ ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಕುಡಿತ ಬಿಡಬೇಕು ಅಂದುಕೊಂಡವನು, ಗಂಡನ ಹೊಡೆತದ ಬಗ್ಗೆ ಮೊದಲ ಸಲ ಬಾಯಿಬಿಡುವವಳು, ಮನೆಯಲ್ಲಿ ಹೇಳಿಕೊಳ್ಳಲಾಗದ ಪ್ರೀತಿ ಇರುವ ಹುಡುಗ, ಇವರೆಲ್ಲ ಹೆಸರು ಕೇಳಿದ ಕೂಡಲೇ ಎದ್ದು ಹೋಗುತ್ತಾರೆ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟ 1935ರಿಂದ ನಡೆದು ಬಂದಿರುವುದೇ ಈ ನಂಬಿಕೆಯ ಮೇಲೆ. ಅಲ್ಲಿ ಮನೆತನದ ಹೆಸರು ಯಾರಿಗೂ ಬೇಕಿಲ್ಲ. ಹೆಸರು ಕೇಳದಿರುವುದೇ ಅಲ್ಲಿನ ಔಷಧಿಯ ಅರ್ಧ ಭಾಗ.

ಆದರೆ ಇದರ ಇನ್ನೊಂದು ಮುಖವೂ ಹಳೆಯದೇ. 1993ರಲ್ಲಿ ಲ್ಯಾಂಬ್ಡಾಮೂ ಎಂಬ ಜಾಗದಲ್ಲಿ ಒಂದು ಘಟನೆ ನಡೆಯಿತು. ಅದು ಬರೀ ಅಕ್ಷರಗಳಲ್ಲಿ ಕಟ್ಟಿದ ಒಂದು ದೊಡ್ಡ ಬಂಗಲೆ. ಜನ ಟೈಪ್ ಮಾಡಿಕೊಂಡೇ ಅದರೊಳಗೆ ಓಡಾಡುತ್ತಿದ್ದರು. ಮಿಸ್ಟರ್ ಬಂಗಲ್ ಎಂಬ ಹೆಸರಲ್ಲಿ ಬಂದವನೊಬ್ಬ ಒಂದು ಪ್ರೋಗ್ರಾಂ ಬಳಸಿ, ಬೇರೆಯವರ ಪಾತ್ರಗಳು ತಾವಾಗಿಯೇ ಅಶ್ಲೀಲ ಕೆಲಸ ಮಾಡುತ್ತಿವೆ ಎಂಬಂತೆ ಎಲ್ಲರ ಪರದೆಯ ಮೇಲೆ ಕಾಣಿಸಿದ. ಅಂಥ ಒಂದು ಪಾತ್ರದ ಹಿಂದಿದ್ದ ಹೆಂಗಸು ನಿಜವಾಗಿ ಅತ್ತಳು. ಅವನ ಅಕೌಂಟ್ ಅಳಿಸಿದರು. ಸ್ವಲ್ಪ ದಿನಕ್ಕೆ ಅದೇ ಮನುಷ್ಯ ಬೇರೆ ಹೆಸರಲ್ಲಿ ವಾಪಸ್ ಬಂದ. ಮೂವತ್ತು ವರ್ಷ ಕಳೆದರೂ ಹೆಸರಿಲ್ಲದ ಜಾಗಗಳ ದೊಡ್ಡ ತಲೆನೋವು ಇದೇ. ಹೊರಗೆ ಹಾಕಿದವನು ಹಿಂಬಾಗಿಲಿಂದ ಬರುತ್ತಾನೆ.

ಇನ್ನೊಂದು ಮಾತು. "ಇಲ್ಲಿ ಯಾರಿಗೂ ಏನೂ ಗೊತ್ತಾಗಲ್ಲ" ಅಂತ ಯಾರಿಗೂ ಭರವಸೆ ಕೊಡಬೇಡಿ. ನಿಮ್ಮ ಐಪಿ ವಿಳಾಸ, ಅಂದರೆ ನಿಮ್ಮ ಇಂಟರ್ನೆಟ್ ಸಂಪರ್ಕದ ನಂಬರ್, ಕಂಪನಿಯ ಬಳಿ ಇರುತ್ತದೆ. ಕಣ್ಣಿಗೆ ವಿಆರ್ ಹೆಡ್‌ಸೆಟ್ ಹಾಕಿಕೊಂಡು, ಒಳಗೇ ಇದ್ದೇವೆ ಅನ್ನಿಸುವಂತೆ ಹೋಗುವ ಜಾಗವಾದರೆ ಇನ್ನೂ ಜಾಸ್ತಿ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಬೀಟ್ ಸೇಬರ್ ಎಂಬ ವಿಆರ್ ಆಟದ 50,000ಕ್ಕೂ ಹೆಚ್ಚು ಆಟಗಾರರ ತಲೆ ಮತ್ತು ಕೈಗಳ ಚಲನೆಯನ್ನು ಪರೀಕ್ಷಿಸಿದರು. ಬರೀ 100 ಸೆಕೆಂಡಿನ ಚಲನೆ ಸಾಕಾಯಿತು, ಶೇ. 94ರಷ್ಟು ಸಲ ಇವರು ಇಂಥವರೇ ಅಂತ ಕಂಪ್ಯೂಟರ್ ಪತ್ತೆ ಮಾಡಿತು. ನಡಿಗೆ ನೋಡಿ ದೂರದಿಂದಲೇ "ಅಗೋ ಚಿಕ್ಕಪ್ಪ ಬರ್ತಿದ್ದಾರೆ" ಅಂತ ನಾವು ಹೇಳುವುದಿಲ್ಲವೇ, ಹಾಗೆ. ಆ ಜಾಗದಲ್ಲಿ ನಮ್ಮ ಪರವಾಗಿ ಓಡಾಡುವ ಗೊಂಬೆಗೆ, ಅಂದರೆ ಅವತಾರಕ್ಕೆ, ಯಾವ ಮುಖ ಹಾಕಿದರೂ ಕೈ ಬೀಸುವ ರೀತಿ ನಮ್ಮದೇ ಇರುತ್ತದೆ.

ನಿಜ ಹೆಸರು ಕಡ್ಡಾಯ

"ಎಲ್ಲರೂ ನಿಜ ಹೆಸರಲ್ಲಿ ಬರಲಿ, ಆಗ ಬಾಯಿಗೆ ಬೀಗ ಬೀಳುತ್ತದೆ." ಈ ಮಾತನ್ನು ಒಳ್ಳೆಯ ಮನಸ್ಸಿನವರೇ ಹೇಳುತ್ತಾರೆ. ಒಂದು ಇಡೀ ದೇಶ ಇದನ್ನು ಮಾಡಿ ನೋಡಿದೆ. ಆ ಕಥೆ ಕೇಳಬೇಕು.

ದಕ್ಷಿಣ ಕೊರಿಯಾದಲ್ಲಿ 2007ರಲ್ಲಿ ಕಾನೂನು ಬಂತು. ದಿನಕ್ಕೆ 3 ಲಕ್ಷಕ್ಕಿಂತ ಜಾಸ್ತಿ ಜನ ಬರುವ ತಾಣಗಳಲ್ಲಿ ಏನಾದರೂ ಬರೆಯಬೇಕಾದರೆ ಮೊದಲು ನಿಮ್ಮ ನಿವಾಸಿ ನೋಂದಣಿ ಸಂಖ್ಯೆ ಕೊಟ್ಟು ಗುರುತು ದೃಢಪಡಿಸಬೇಕು. ಆ ಸಂಖ್ಯೆ ನಮ್ಮ ಆಧಾರ್ ಇದ್ದ ಹಾಗೆ. 2009ರಲ್ಲಿ ಮಿತಿಯನ್ನು 1 ಲಕ್ಷಕ್ಕೆ ಇಳಿಸಿದರು. ಯೂಟ್ಯೂಬ್ ಒಪ್ಪಲಿಲ್ಲ, ಕೊರಿಯಾದ ತಾಣದಲ್ಲಿ ವಿಡಿಯೊ ಹಾಕುವುದನ್ನೇ ನಿಲ್ಲಿಸಿತು. ಉಳಿದ ತಾಣಗಳು ಸಂಖ್ಯೆ ಕೂಡಿಡುತ್ತಾ ಹೋದವು. 2011ರ ಜುಲೈನಲ್ಲಿ ನೇಟ್ ಮತ್ತು ಸೈವರ್ಲ್ಡ್ ತಾಣಗಳಿಗೆ ಕನ್ನ ಬಿತ್ತು. ಸುಮಾರು 3.5 ಕೋಟಿ ಜನರ ವಿವರ ಹೊರಗೆ ಹೋಯಿತು. ಆಗ ಆ ದೇಶದ ಜನಸಂಖ್ಯೆಯೇ ಸುಮಾರು 5 ಕೋಟಿ. ಮುಂದಿನ ವರ್ಷ, 2012ರ ಆಗಸ್ಟ್‌ನಲ್ಲಿ, ಅಲ್ಲಿನ ಸಂವಿಧಾನ ನ್ಯಾಯಾಲಯ ಒಮ್ಮತದಿಂದ ಆ ಕಾನೂನನ್ನು ರದ್ದು ಮಾಡಿತು. ಕೆಟ್ಟ ಬರಹಗಳು ಹೇಳಿಕೊಳ್ಳುವಷ್ಟು ಕಡಿಮೆಯಾಗಿದ್ದಕ್ಕೆ ಪುರಾವೆ ಇಲ್ಲ, ಜನ ಮಾತ್ರ ಹೊರದೇಶದ ತಾಣಗಳಿಗೆ ಹೋದರು ಅಂತ ಹೇಳಿತು.

ಯೋಚಿಸಿ ನೋಡಿ. ಬೈಗುಳ ಕಡಿಮೆ ಮಾಡಲು ಹೊರಟವರು ದೇಶದ ಹತ್ತಿರ ಹತ್ತಿರ ಮುಕ್ಕಾಲು ಪಾಲು ಜನರ ವಿವರವನ್ನು ಬೀದಿಗೆ ಹಾಕಿದ ಹಾಗಾಯಿತು.

ಕಂಪನಿಗಳೂ ಇದೇ ಪಾಠ ಕಲಿತಿವೆ. 2010ರ ಜುಲೈನಲ್ಲಿ ಬ್ಲಿಜರ್ಡ್ ಎಂಬ ಆಟದ ಕಂಪನಿ, ಅಭಿಮಾನಿಗಳು ಮಾತಾಡುವ ಜಾಗದಲ್ಲಿ ನಿಜ ಹೆಸರು ಕಾಣಿಸುತ್ತೇವೆ ಅಂತ ಪ್ರಕಟಿಸಿತು. ಇದರಿಂದ ಏನೂ ತೊಂದರೆ ಇಲ್ಲ ಅಂತ ತೋರಿಸಲು ಅಲ್ಲಿನ ನೌಕರರೊಬ್ಬರು ತಮ್ಮ ಹೆಸರು ಬರೆದರು. ಸ್ವಲ್ಪ ಹೊತ್ತಿಗೆ ಜನ ಅವರ ಫೋನ್ ನಂಬರ್, ಮನೆ ವಿಳಾಸ ಎಲ್ಲ ಹುಡುಕಿ ಹಾಕಿದರು. ಮೂರೇ ದಿನಕ್ಕೆ ಕಂಪನಿ ಹಿಂದೆ ಸರಿಯಿತು. ಗೂಗಲ್‌ನ ಸಾಮಾಜಿಕ ಜಾಲತಾಣ ಗೂಗಲ್ ಪ್ಲಸ್ 2011ರಲ್ಲಿ ನಿಜ ಹೆಸರೇ ಬೇಕು ಅಂತ ಹಟ ಹಿಡಿಯಿತು, 2014ರಲ್ಲಿ ಕ್ಷಮೆ ಕೇಳಿ ಬಿಟ್ಟುಬಿಟ್ಟಿತು.

ನಮ್ಮಲ್ಲಿ ಇನ್ನೊಂದು ತೊಡಕಿದೆ, ಇದನ್ನು ಹೊರಗಿನವರು ಅಷ್ಟಾಗಿ ಹೇಳುವುದಿಲ್ಲ. ನಮ್ಮ ಹೆಸರುಗಳು ಬಹಳ ಮಾತಾಡುತ್ತವೆ. ಹೆಸರಿನ ಕೊನೆಯಲ್ಲಿ ಏನಿದೆ ಅಂತ ನೋಡಿ ಜಾತಿ ಊಹಿಸುತ್ತಾರೆ. ಮೊದಲ ಪದ ನೋಡಿ ಧರ್ಮ. ಉತ್ತರ ಕರ್ನಾಟಕದ ಎಷ್ಟೋ ಅಡ್ಡಹೆಸರುಗಳಲ್ಲಿ ಊರೇ ಇರುತ್ತದೆ. ನಮ್ಮ ಕಡೆ ಇನಿಶಿಯಲ್ಲಿನಲ್ಲಿ ಊರು, ಅಪ್ಪನ ಹೆಸರು ಎರಡೂ ಇರುತ್ತವೆ. ನಿಜ ಹೆಸರು ಕಡ್ಡಾಯ ಮಾಡಿದರೆ, ಒಬ್ಬಳು ಮೈಕ್ ಆನ್ ಮಾಡುವ ಮೊದಲೇ ಅವಳು ಯಾರ ಪೈಕಿ ಅಂತ ಲೆಕ್ಕ ಹಾಕಿ ಮುಗಿದಿರುತ್ತದೆ. ನಮ್ಮ ಜಾಗದಲ್ಲಿ ಎರಡು ವರ್ಷ ಜೊತೆಗೆ ಹಾಡಿದವರು ಒಬ್ಬರ ಜಾತಿ ಒಬ್ಬರಿಗೆ ಗೊತ್ತಿಲ್ಲದೆ ಇದ್ದಾರೆ. ಹೊರಗೆ ಇಂಥ ಅಂಗಳ ಎಷ್ಟು ಕಡೆ ಸಿಗುತ್ತದೆ ಹೇಳಿ?

ಇನ್ನು, ಹೆಸರಿದ್ದರೆ ಜನ ಮರ್ಯಾದೆಯಿಂದ ಇರುತ್ತಾರೆ ಅನ್ನುವುದು ಪೂರ್ತಿ ನಿಜವಲ್ಲ. ಸ್ವಂತ ಫೋಟೊ, ಸ್ವಂತ ಹೆಸರು ಹಾಕಿಕೊಂಡೇ ಬಾಯಿಗೆ ಬಂದಂತೆ ಬೈಯುವವರನ್ನು ಚುನಾವಣೆ ಸಮಯದಲ್ಲಿ ಫೇಸ್‌ಬುಕ್‌ನಲ್ಲಿ ನೀವೂ ನೋಡಿರುತ್ತೀರಿ.

ಹಾಗಾದರೆ ನಿಜ ಹೆಸರು ಎಲ್ಲಿ ಬೇಕು? ಹೆಸರಿಗೇ ಬೆಲೆ ಇರುವಲ್ಲಿ. ವೈದ್ಯರ ಸಲಹೆ, ವಕೀಲರ ಸಲಹೆ, ಕಚೇರಿಯ ಸಭೆ, ಕಾಲೇಜಿನ ಆನ್‌ಲೈನ್ ತರಗತಿ. "ನಾನು ಮಕ್ಕಳ ಡಾಕ್ಟರ್" ಅನ್ನುವವರು ನೋಂದಣಿ ಸಂಖ್ಯೆ ಸಮೇತ ಬರಲಿ. ಅಲ್ಲಿ ಕೇಳುವವರು ಹೆಸರಿಲ್ಲದೆ ಇದ್ದರೂ ನಡೆಯುತ್ತದೆ, ಹೇಳುವವರು ಹಾಗೆ ಇರಬಾರದು.

ಕಾಯಂ ಅಡ್ಡಹೆಸರು

ನನ್ನ ಒಲವು ಈ ದಾರಿಯ ಕಡೆಗಿದೆ, ಅದನ್ನು ಮುಚ್ಚಿಡುವುದಿಲ್ಲ. ಕನ್ನಡದವರಿಗೆ ಇದು ಹೊಸದೂ ಅಲ್ಲ. ವಚನಕಾರರ ಅಂಕಿತ, ದಾಸರ ಅಂಕಿತ, ಆಮೇಲೆ ಬಂದವರ ಕಾವ್ಯನಾಮ. ಆ ಹೆಸರು ಮನೆಯವರು ಇಟ್ಟದ್ದಲ್ಲ, ದಾಖಲೆಯಲ್ಲಿ ಇದ್ದದ್ದೂ ಅಲ್ಲ. ಆದರೂ ಎಂಟು ನೂರು ವರ್ಷ ಕಳೆದಮೇಲೂ ಅಂಕಿತ ನೋಡಿದ ಕೂಡಲೇ ಇದು ಯಾರ ಮಾತು ಅಂತ ನಮಗೆ ಗೊತ್ತಾಗುತ್ತದೆ. ಹೆಸರು ಬದಲಾಯಿಸದೆ ಇಟ್ಟುಕೊಂಡರೆ ಅದಕ್ಕೊಂದು ತೂಕ ಬರುತ್ತದೆ.

ನಮ್ಮ ಜಾಗದಲ್ಲಿ "ಕಾಡುಮಲ್ಲಿಗೆ" ಅಂತ ಒಬ್ಬರಿದ್ದಾರೆ. ಅವರ ನಿಜ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಅವರು ರಾತ್ರಿ ಪಾಳಿ ಮುಗಿಸಿ ಬಂದು ಹನ್ನೊಂದೂವರೆಗೆ ಮೈಕ್ ಆನ್ ಮಾಡುವುದು ಗೊತ್ತು. ಹಿಂದೆ ಕುಕ್ಕರ್ ಕೂಗುವುದು ಗೊತ್ತು. ಹೊಸದಾಗಿ ಬಂದ ಹುಡುಗಿಯರು ಸುಮ್ಮನೆ ಮೂಲೆಯಲ್ಲಿ ಕೂತಿದ್ದರೆ ಅವರನ್ನು ಮಾತಿಗೆಳೆಯುವುದು ಗೊತ್ತು. ಒಮ್ಮೆ ಇಬ್ಬರು ಹುಡುಗರು ಕಿತ್ತಾಡಿಕೊಂಡು ಜಾಗ ಬಿಟ್ಟು ಹೋಗುತ್ತೇವೆ ಅಂದಾಗ ಅವರಿಬ್ಬರೂ ಒಪ್ಪಿದ್ದು ಕಾಡುಮಲ್ಲಿಗೆಯ ಮಾತನ್ನು ಮಾತ್ರ. ಆ ಹೆಸರಲ್ಲಿ ಎರಡು ವರ್ಷದ ನಡತೆ ಠೇವಣಿಯಾಗಿದೆ. ಅದನ್ನು ಕಳೆದುಕೊಳ್ಳಲು ಯಾರೂ ಇಷ್ಟಪಡುವುದಿಲ್ಲ.

ಇದಕ್ಕೆ ಅಧ್ಯಯನದ ಬೆಂಬಲವೂ ಇದೆ. ಅಮೆರಿಕದ ಹಫಿಂಗ್ಟನ್ ಪೋಸ್ಟ್ ಸುದ್ದಿತಾಣದಲ್ಲಿ ಮೊದಲು ಯಾರು ಬೇಕಾದರೂ ಯಾವ ಹೆಸರಲ್ಲಿ ಬೇಕಾದರೂ ಬರೆಯಬಹುದಿತ್ತು. 2013ರ ಕೊನೆಗೆ ಅಕೌಂಟ್ ಒಮ್ಮೆ ದೃಢಪಡಿಸಿದರೆ ಸಾಕು, ಹೊರಗೆ ಅಡ್ಡಹೆಸರೇ ಇರಲಿ ಅಂತ ಮಾಡಿದರು. 2014ರಲ್ಲಿ ಫೇಸ್‌ಬುಕ್‌ನ ನಿಜ ಹೆಸರಿಗೇ ಬದಲಾಯಿಸಿದರು. ಸಂಶೋಧಕರು ಮೂರೂ ಕಾಲದ ಲಕ್ಷಾಂತರ ಪ್ರತಿಕ್ರಿಯೆಗಳನ್ನು ಹೋಲಿಸಿದಾಗ ಮಾತಿನ ಗುಣಮಟ್ಟ ಚೆನ್ನಾಗಿದ್ದದ್ದು ಮಧ್ಯದ ಕಾಲದಲ್ಲಿ. ನಿಜ ಹೆಸರು ಬಂದಮೇಲೆ ಅದು ಮತ್ತೆ ಇಳಿದಿತ್ತು.

ಆದರೆ ಮಕ್ಕಳ ವಿಷಯಕ್ಕೆ ಬಂದರೆ ಈ ದಾರಿಯೊಂದೇ ಸಾಲದು. ಮಕ್ಕಳನ್ನು ಹಿಡಿಯಲು ಬರುವವರಿಗೆ ತಾಳ್ಮೆ ಜಾಸ್ತಿ. ಅವರು ಆರು ತಿಂಗಳು ಒಳ್ಳೆಯ ಅಣ್ಣನಂತೆ ಇರಬಲ್ಲರು. ಒಳ್ಳೆಯ ಹೆಸರನ್ನೇ ಬಲೆ ಮಾಡಿಕೊಳ್ಳಬಲ್ಲರು. ದುಡ್ಡು ಎತ್ತುವವರೂ ಅಷ್ಟೇ.

ದಾಖಲೆ ಒಳಗೆ, ಅಡ್ಡಹೆಸರು ಹೊರಗೆ

ಈಗ ನಮ್ಮ ತಪ್ಪಿನ ಕಥೆ. 2023ರ ಮಳೆಗಾಲ. ಒಬ್ಬ ನಮ್ಮ ವಾಯ್ಸ್ ರೂಮಿಗೆ ಬಂದು ಒಬ್ಬ ಹುಡುಗಿಯ ಹತ್ತಿರ ಅಸಹ್ಯವಾಗಿ ಮಾತಾಡಿದ. ತೆಗೆದು ಹಾಕಿದೆವು. ಒಂದು ಗಂಟೆಗೆ ಹೊಸ ಅಕೌಂಟ್‌ನಲ್ಲಿ ಬಂದ. ಮತ್ತೆ ತೆಗೆದೆವು, ಮತ್ತೆ ಬಂದ. ಮೂರನೇ ಸಲ ಬಂದಾಗ ಆ ಹುಡುಗಿ ಅಳುತ್ತಾ ಜಾಗ ಬಿಟ್ಟು ಹೋದಳು. ನಮಗೆ ರೋಷ ಬಂತು. ಇನ್ನು ಮುಂದೆ ಎಲ್ಲರೂ ಆಧಾರ್ ಫೋಟೊ ಕಳಿಸಬೇಕು, ಪರಿಶೀಲಿಸಿದಮೇಲೆ ಮಾತ್ರ ಒಳಗೆ ಬಿಡುತ್ತೇವೆ, ಹೊರಗೆ ಅಡ್ಡಹೆಸರೇ ಇರಲಿ ಅಂತ ನಿಯಮ ಮಾಡಿದೆವು. ಕಳಿಸಬೇಕಾದದ್ದು ನನ್ನ ವಾಟ್ಸಾಪ್‌ಗೆ. ಒಂದು ವಾರದಲ್ಲಿ ನಲವತ್ತು ಜನ ಕಳಿಸಿದರು. ನಮ್ಮನ್ನು ನಂಬಿ ಕಳಿಸಿದರು.

ಭಾನುವಾರ ಮನೆಗೆ ನೆಂಟರು ಬಂದಿದ್ದರು. ಹಾಲಿನಲ್ಲಿ ಟಿವಿ ಸುಮ್ನೆ ಆನ್ ಆಗಿತ್ತು. ಯಾರೂ ಏನೂ ಹಾಕದೆ ಇದ್ದಾಗ ಅದು ನನ್ನ ಫೋನಿನ ಫೋಟೊಗಳನ್ನು ಒಂದೊಂದಾಗಿ ತೋರಿಸುತ್ತದೆ. ಮನೆಯ ಗೃಹಪ್ರವೇಶದ ಫೋಟೊ ಬಂತು. ಕುಕ್ಕೆಗೆ ಹೋದದ್ದು ಬಂತು. ಆಮೇಲೆ ಒಬ್ಬ ಹುಡುಗಿಯ ಆಧಾರ್ ಕಾರ್ಡ್ ಬಂತು. ನಲವತ್ತಮೂರು ಇಂಚಿನ ಪರದೆಯ ತುಂಬ ಅವಳ ಮುಖ, ಹನ್ನೆರಡು ಅಂಕಿ, ಮನೆ ನಂಬರ್, ಅಡ್ಡರಸ್ತೆ. ಅವಳು ನಮ್ಮ ಜಾಗಕ್ಕೆ ಬಂದದ್ದೇ ಹಿಂದೆ ಬಿದ್ದಿದ್ದ ಒಬ್ಬನಿಂದ ತಪ್ಪಿಸಿಕೊಳ್ಳಲು. ವಾಟ್ಸಾಪ್‌ನಲ್ಲಿ ಬಂದ ಚಿತ್ರಗಳೆಲ್ಲ ತಾವಾಗಿಯೇ ಗ್ಯಾಲರಿಗೆ, ಅಲ್ಲಿಂದ ಬ್ಯಾಕಪ್‌ಗೆ, ಅಲ್ಲಿಂದ ಟಿವಿಗೆ ಹೋಗಿದ್ದವು. ನನ್ನ ಕೈ ನಡುಗಿತು. ರಿಮೋಟ್ ಹುಡುಕುವಷ್ಟರಲ್ಲಿ ಇನ್ನೊಂದು ಕಾರ್ಡ್ ಬಂತು.

ಅವತ್ತು ರಾತ್ರಿ ಐವರೂ ಕೂತು ಎಲ್ಲವನ್ನೂ ಅಳಿಸಿದೆವು. ಚಾಟ್‌ನಿಂದ, ಗ್ಯಾಲರಿಯಿಂದ, ಬ್ಯಾಕಪ್‌ನಿಂದ, ಅದರ ಕಸದ ಬುಟ್ಟಿಯಿಂದ. ನಲವತ್ತು ಜನಕ್ಕೂ ಒಬ್ಬೊಬ್ಬರಿಗೆ ಬರೆದು ಆದದ್ದನ್ನು ತಿಳಿಸಿ ಕ್ಷಮೆ ಕೇಳಿದೆ. ಏಳು ಜನ ಜಾಗ ಬಿಟ್ಟರು. ಅವರು ಬಿಟ್ಟದ್ದು ಸರಿಯಾಗಿತ್ತು.

ಇದು ಸಣ್ಣ ಜಾಗದ ಅನನುಭವ ಅಂತ ಅಂದುಕೊಳ್ಳಬೇಡಿ. 2025ರ ಅಕ್ಟೋಬರ್‌ನಲ್ಲಿ ಡಿಸ್ಕಾರ್ಡ್ ಒಂದು ವಿಷಯ ತಿಳಿಸಿತು. ಅದರ ಗ್ರಾಹಕ ಸೇವೆ ನೋಡಿಕೊಳ್ಳುತ್ತಿದ್ದ ಹೊರಗಿನ ಕಂಪನಿಯ ಕಡೆಯಿಂದ ಸುಮಾರು 70,000 ಜನರ ಸರ್ಕಾರಿ ಗುರುತಿನ ಚೀಟಿಗಳ ಫೋಟೊ ಕಳ್ಳರ ಕೈಗೆ ಸಿಕ್ಕಿರಬಹುದು ಎಂದು. ವಯಸ್ಸಿನ ಬಗ್ಗೆ ತಕರಾರು ಬಂದಾಗ ಜನ ಕಳಿಸಿದ್ದ ಚೀಟಿಗಳು ಅವು. ಅದೇ ವರ್ಷ ಜುಲೈನಲ್ಲಿ ಟೀ ಎಂಬ ಅಮೆರಿಕದ ಆ್ಯಪ್‌ನಿಂದ 72,000 ಚಿತ್ರಗಳು ಸೋರಿದವು. ಅದು ಹೆಂಗಸರ ಸುರಕ್ಷತೆಗೆಂದೇ ಮಾಡಿದ ಆ್ಯಪ್. ಅದರಲ್ಲಿ ಸುಮಾರು 13,000 ಚಿತ್ರಗಳು "ನಾನು ಹೆಣ್ಣು" ಅಂತ ಸಾಬೀತು ಮಾಡಲು ಕಳಿಸಿದ ಸೆಲ್ಫಿ ಮತ್ತು ಗುರುತಿನ ಚೀಟಿಗಳು. ಪರಿಶೀಲನೆ ಆದ ಕೂಡಲೇ ಅಳಿಸುತ್ತೇವೆ ಅಂತ ಹೇಳಿದ್ದರು. ಹಳೆಯ ಒಂದು ಕಡತದಲ್ಲಿ ಉಳಿದೇ ಇದ್ದವು.

ಹಾಗಂತ ಈ ದಾರಿಯೇ ಬೇಡ ಅನ್ನಲಾರೆ. ದುಡ್ಡಿನ ವ್ಯವಹಾರ ಇರುವಲ್ಲಿ, ಮಕ್ಕಳ ಉಸ್ತುವಾರಿ ಮಾಡುವ ದೊಡ್ಡವರ ವಿಷಯದಲ್ಲಿ ದಾಖಲೆ ಬೇಕೇ ಬೇಕು. ಮಾಡುವುದಾದರೆ ಕೆಲವು ವಿಷಯ ನೆನಪಿಡಿ. ಫೋಟೊ ತರಿಸಿಕೊಳ್ಳಬೇಡಿ, ವಿಡಿಯೊ ಕರೆಯಲ್ಲಿ ತೋರಿಸಿ ಅನ್ನಿ, ನೋಡಿ, "ನೋಡಿದೆ, ಈ ತಾರೀಖು" ಅಂತಷ್ಟೇ ಬರೆದಿಡಿ. ಆಧಾರ್ ಆದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಸಿಗುತ್ತದೆ, ಅದು ಸಾಕು. ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ ತಿಂಗಳಲ್ಲಿ, ಕಂಡಕಂಡವರಿಗೆ ಜೆರಾಕ್ಸ್ ಕೊಡಬೇಡಿ, ಮಾಸ್ಕ್ ಮಾಡಿದ್ದು ಕೊಡಿ ಅಂತ ಪ್ರಕಟಣೆ ಕೊಟ್ಟಿತ್ತು. ಜನ ತಪ್ಪು ತಿಳಿಯಬಹುದು ಅಂತ ಎರಡೇ ದಿನಕ್ಕೆ ಕೇಂದ್ರ ಅದನ್ನು ವಾಪಸ್ ತೆಗೆದುಕೊಂಡಿತು. ನನ್ನ ಮಟ್ಟಿಗೆ ಆ ಸಲಹೆ ಇವತ್ತಿಗೂ ಸರಿಯಾದದ್ದೇ.

ಕಾನೂನಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರಲ್ಲ, ಆ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಲ್ಲಿ ಅವರು ಆಧಾರ್ ವಿಷಯಕ್ಕೆ ಕೋರ್ಟ್ ಮೆಟ್ಟಿಲು ಹತ್ತಿದ್ದರು. ನಮ್ಮ ಪರವಾಗಿ ಅವರು ಗೆದ್ದು ಕೊಟ್ಟದ್ದನ್ನು ನಾವು ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡಿ ಕಳೆದುಕೊಳ್ಳಬಾರದು. 2021ರ ಐಟಿ ನಿಯಮಗಳೂ 50 ಲಕ್ಷಕ್ಕಿಂತ ಜಾಸ್ತಿ ಬಳಕೆದಾರರಿರುವ ಸಾಮಾಜಿಕ ಮಾಧ್ಯಮಗಳಿಗೆ ಹೇಳುವುದು ಇಷ್ಟೇ: ಬೇಕಾದವರು ಸ್ವಇಚ್ಛೆಯಿಂದ ಗುರುತು ದೃಢಪಡಿಸಿಕೊಳ್ಳಲು ಅವಕಾಶ ಕೊಡಿ. ಎಲ್ಲರಿಗೂ ಕಡ್ಡಾಯ ಮಾಡಿ ಅಂತ ಅಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ಪ್ರಕಾರ 18ರ ಒಳಗಿನವರೆಲ್ಲ ಮಕ್ಕಳೇ. ಅವರ ವಿವರ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು, ಆ ಒಪ್ಪಿಗೆಗೆ ಪುರಾವೆಯೂ ಬೇಕು.

ಪುರಾವೆ ಸಾಕು, ಕಾಗದ ಬೇಡ

2023ರ ಜೂನ್ 11ರಿಂದ ನಮ್ಮ ಸರ್ಕಾರಿ ಬಸ್‌ಗಳಲ್ಲಿ ಶಕ್ತಿ ಯೋಜನೆ ಇದೆ. ಹತ್ತುತ್ತೇನೆ, ಕಾರ್ಡ್ ತೋರಿಸುತ್ತೇನೆ. ಕಂಡಕ್ಟರ್‌ಗೆ ಬೇಕಾದದ್ದು ಎರಡೇ: ಇವರು ಹೆಂಗಸು, ಇವರ ವಿಳಾಸ ಕರ್ನಾಟಕದ್ದು. ಒಂದು ಸಲ ನೋಡಿ ವಾಪಸ್ ಕೊಟ್ಟು ಶೂನ್ಯ ಟಿಕೆಟ್ ಹರಿಯುತ್ತಾರೆ. ಜೆರಾಕ್ಸ್ ಇಟ್ಟುಕೊಳ್ಳುವುದಿಲ್ಲ. ಆದರೂ ಆ ಒಂದು ನೋಟದಲ್ಲಿ ನನ್ನ ಹುಟ್ಟಿದ ದಿನ, ಮನೆ ನಂಬರ್ ಎಲ್ಲ ಅವರ ಕಣ್ಣಿಗೆ ಬೀಳುತ್ತದೆ. ಅದೂ ಕಾಣದೆ, ಬರೀ "ಹೌದು" ಅನ್ನುವ ಎರಡು ಉತ್ತರ ಮಾತ್ರ ಅವರಿಗೆ ಸಿಗುವಂತಿದ್ದರೆ?

ಗಣಿತದಲ್ಲಿ ಇದು ಸಾಧ್ಯ ಅಂತ 1985ರಲ್ಲೇ ಗೋಲ್ಡ್‌ವಾಸರ್, ಮಿಕಾಲಿ, ರ್‍ಯಾಕಾಫ್ ಎಂಬ ಮೂವರು ತೋರಿಸಿದರು. ಇದಕ್ಕೆ ಜೀರೊ ನಾಲೆಡ್ಜ್ ಪ್ರೂಫ್ ಅನ್ನುತ್ತಾರೆ. ಗುಟ್ಟು ಬಿಟ್ಟುಕೊಡದೆ, ಗುಟ್ಟು ನನ್ನ ಹತ್ತಿರ ಇದೆ ಅಂತ ಮಾತ್ರ ಸಾಬೀತು ಮಾಡುವುದು. "18 ದಾಟಿದೆಯಾ?" ಅಂದರೆ "ಹೌದು" ಅಂತಷ್ಟೇ ಹೋಗುತ್ತದೆ, ಹೆಸರೂ ಹೋಗುವುದಿಲ್ಲ, ಹುಟ್ಟಿದ ದಿನವೂ ಹೋಗುವುದಿಲ್ಲ. ಯುರೋಪಿಯನ್ ಒಕ್ಕೂಟದ ದೇಶಗಳು 2026ರ ಕೊನೆಯೊಳಗೆ ಜನರಿಗೆ ಕೊಡಬೇಕಾದ ಡಿಜಿಟಲ್ ಗುರುತಿನ ವ್ಯಾಲೆಟ್‌ನಲ್ಲೂ ಹೀಗೆ ಬೇಕಾದಷ್ಟನ್ನು ಮಾತ್ರ ತೋರಿಸುವ ವ್ಯವಸ್ಥೆ ಇದೆ. ನಮ್ಮಂಥ ಸಣ್ಣ ಜಾಗಗಳಿಗೆ ಇದು ಇನ್ನೂ ಸುಲಭವಾಗಿ ಕೈಗೆ ಸಿಗುವಂತಿಲ್ಲ. ಸಿಕ್ಕ ದಿನ ನಾನು ಮೊದಲು ಇದನ್ನೇ ಆರಿಸಿಕೊಳ್ಳುತ್ತೇನೆ.

ಅಲ್ಲಿಯವರೆಗೆ ಇರುವ ಅಗ್ಗದ ದಾರಿಗಳು ಎರಡು. ಒಂದು, ಫೋನ್ ಓಟಿಪಿ. ಡಿಸ್ಕಾರ್ಡ್‌ನಂಥ ಕಡೆ ಫೋನ್ ದೃಢಪಡಿಸಿದವರಿಗೆ ಮಾತ್ರ ಮಾತಾಡಲು ಬಿಡುವ ಸೆಟ್ಟಿಂಗ್ ಇದೆ. ನಂಬರ್ ನಿಮಗೆ ಕಾಣುವುದಿಲ್ಲ, ಅದು ಕಂಪನಿಯ ಹತ್ತಿರವೇ ಇರುತ್ತದೆ. ನಮ್ಮಲ್ಲಿ ಸಿಮ್‌ಗೆ ಗುರುತಿನ ಚೀಟಿ ಬೇಕು, ಹೆಚ್ಚಿನ ರಾಜ್ಯಗಳಲ್ಲಿ ಒಬ್ಬರಿಗೆ 9 ಸಿಮ್ ಮಿತಿ ಇದೆ. ಹಾಗಾಗಿ ಗಂಟೆಗೊಂದು ಅಕೌಂಟ್ ಮಾಡುವವನ ಕೈ ಕಟ್ಟುತ್ತದೆ. ಎರಡು, ಪರಿಚಯದವರ ಜಾಮೀನು. ಒಳಗಿರುವ ಒಬ್ಬರು "ಇವರು ನನಗೆ ಗೊತ್ತು" ಅಂದರೆ ಮಾತ್ರ ಹೊಸಬರಿಗೆ ಮೈಕ್. ಊರಲ್ಲಿ ಮನೆ ಬಾಡಿಗೆಗೆ ಕೊಡುವಾಗ ಮಾಡುವುದೂ ಇದನ್ನೇ. ಆದರೆ ಬರೀ ಜಾಮೀನನ್ನೇ ನೆಚ್ಚಿದರೆ ನಿಧಾನವಾಗಿ ಒಂದೇ ಕಾಲೇಜಿನವರು, ಒಂದೇ ಜಾತಿಯವರು ತುಂಬಿಕೊಳ್ಳುತ್ತಾರೆ. ಪರಿಚಯ ಇಲ್ಲದವರಿಗೂ ಒಂದು ಕಿಟಕಿ ಬಿಡಿ.

ಮುಖ ನೋಡಿ ವಯಸ್ಸು ಹೇಳುವ ಯಂತ್ರದ ಬಗ್ಗೆ ನನಗೆ ಅರ್ಧ ಮನಸ್ಸು. ರೋಬ್ಲಾಕ್ಸ್ ಎಂಬ ಆಟದ ತಾಣ 2026ರ ಜನವರಿಯಿಂದ ಚಾಟ್ ಮಾಡಬೇಕಾದರೆ ಇದನ್ನು ಜಗತ್ತಿನಾದ್ಯಂತ ಕೇಳುತ್ತಿದೆ. ಕಾಗದ ಕೊಡುವ ರಗಳೆ ಇಲ್ಲ, ಅದು ಒಳ್ಳೆಯದು. ಆದರೆ ಅಂದಾಜು ಅಂದಮೇಲೆ ಎರಡು ವರ್ಷ ಆಚೀಚೆ ಆಗಿಯೇ ಆಗುತ್ತದೆ. 14 ಮತ್ತು 16ರ ನಡುವೆ ಎರಡು ವರ್ಷ ಅಂದರೆ ಸಣ್ಣ ಅಂತರವಲ್ಲ.

ಯಾವ ಜಾಗಕ್ಕೆ ಯಾವುದು

ನೋವು ಹೇಳಿಕೊಳ್ಳುವ ಜಾಗವಾದರೆ ಹೆಸರು ಕೇಳಬೇಡಿ. ಬದಲಿಗೆ ನಡೆಸುವವರು ತಮ್ಮ ಹೆಸರು ಹೇಳಲಿ, ಮತ್ತು ಖಾಸಗಿ ಮೆಸೇಜ್ ಮುಚ್ಚಿರಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಎಲ್ಲರಿಗೂ ಕಾಣುವ ಕಡೆ ಹಾಕಿ.

ಆಟ, ಹಾಡು, ಹರಟೆಗೆ ಕಾಯಂ ಅಡ್ಡಹೆಸರು, ಜೊತೆಗೆ ಓಟಿಪಿ.

ದುಡ್ಡು ಸೇರಿಸುವುದು, ಹಳೆ ಸಾಮಾನು ಮಾರುವುದು ಇದ್ದರೆ ದುಡ್ಡು ಮುಟ್ಟುವವರ ಗುರುತು ಕನಿಷ್ಠ ಇಬ್ಬರು ನಡೆಸುವವರಿಗೆ ಗೊತ್ತಿರಲಿ. ಕೊಳ್ಳುವವರದ್ದು ಬೇಡ.

ಮಕ್ಕಳು ಇರುವ ಜಾಗಕ್ಕೆ ನಾನು ತುಂಬ ಬಿಗಿ. ಅಲ್ಲಿ ಮಕ್ಕಳ ದಾಖಲೆ ಕೇಳುವ ಬದಲು ದೊಡ್ಡವರ ದಾಖಲೆ ಕೇಳಿ. ಮಾಡರೇಟರ್, ಅಂದರೆ ಜಾಗದ ಉಸ್ತುವಾರಿ, ಆಗುವ ಪ್ರತಿಯೊಬ್ಬರ ನಿಜ ಹೆಸರು, ಊರು ಗೊತ್ತಿರಲಿ. ಮಗು ಒಬ್ಬ ದೊಡ್ಡವರ ಜೊತೆ ಒಂಟಿಯಾಗಿ ಮಾತಾಡುವ ಕೋಣೆಯೇ ಇರಬಾರದು.

ಎಷ್ಟೋ ತೊಂದರೆಗಳಿಗೆ ಗುರುತೇ ಬೇಕಿಲ್ಲ ಅನ್ನುವುದನ್ನೂ ಮರೆಯಬೇಡಿ. ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾದ ಹೊರೈಜನ್ ವರ್ಲ್ಡ್ಸ್ ಎಂಬ ವಿಆರ್ ಜಾಗದಲ್ಲಿ 2021ರ ಕೊನೆಗೆ ಒಬ್ಬಾಕೆ ತನ್ನ ಅವತಾರದ ಮೈಮೇಲೆ ಅಪರಿಚಿತನೊಬ್ಬ ಕೈ ಹಾಕಿದ ಅಂತ ದೂರಿದರು. 2022ರ ಫೆಬ್ರವರಿಯಲ್ಲಿ ಕಂಪನಿ, ಅವತಾರಗಳ ನಡುವೆ ಸುಮಾರು ನಾಲ್ಕು ಅಡಿ ಅಂತರ ತಾನಾಗಿಯೇ ಇರುವಂತೆ ಮಾಡಿತು. ಯಾರ ಹೆಸರೂ ಕೇಳಲಿಲ್ಲ. ಹೊಸಬರಿಗೆ ಮೊದಲ ಮೂರು ದಿನ ಮೈಕ್ ಇಲ್ಲ ಅಂತ ನಾವು ಮಾಡಿದ ನಿಯಮವೂ ಹೀಗೇ. ಆ ಒಂದು ನಿಯಮದಿಂದ ಆದ ಉಪಕಾರ ನಲವತ್ತು ಆಧಾರ್ ಕಾರ್ಡ್‌ಗಳಿಂದ ಆಗಿರಲಿಲ್ಲ.

ಅಪರಾಧವೇ ನಡೆದರೆ ಅಡ್ಡಹೆಸರು ಪೊಲೀಸರಿಗೆ ಅಡ್ಡ ಬರುವುದಿಲ್ಲ, ಅವರು ಕಂಪನಿಯಿಂದ ವಿವರ ಕೇಳಬಹುದು. ನೀವು ಮಾಡಬೇಕಾದದ್ದು ಸ್ಕ್ರೀನ್‌ಶಾಟ್, ಯೂಸರ್ ಐಡಿ, ತಾರೀಖು, ಸಮಯ ತೆಗೆದಿಡುವುದು. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇರೆ ದೂರಾದರೆ ಕೇಂದ್ರದ ಸೈಬರ್ ಅಪರಾಧ ಪೋರ್ಟಲ್ ಇದೆ, ಹೆಣ್ಣುಮಕ್ಕಳ ಮತ್ತು ಮಕ್ಕಳ ವಿಷಯವಾದರೆ ಅಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು.

ಅಕ್ಕನ ಮಗಳ ವಿಷಯಕ್ಕೆ ಬರುತ್ತೇನೆ. ಅವತ್ತು ಮೊದಲು ಅಕ್ಕನನ್ನೂ ಭಾವನನ್ನೂ ಕೂರಿಸಿಕೊಂಡು ಆ ಆಟದ ನಿಯಮ ಓದಿದೆವು. ಚಿತ್ರ ಏನು ಮಾಡುತ್ತಾರೆ, ಎಷ್ಟು ಹೊತ್ತು ಇಟ್ಟುಕೊಳ್ಳುತ್ತಾರೆ ಅಂತ ನೋಡಿದೆವು. ಆಮೇಲೆ ಮುಖ ತೋರಿಸಿದಳು. ಎತ್ತರದ ಹುಡುಗಿ, ಯಂತ್ರ ಅವಳನ್ನು 16-17ರ ಗುಂಪಿಗೆ ಹಾಕಿತು. ಅವಳಿಗೆ ಖುಷಿ, ಅಕ್ಕನಿಗೆ ಗಾಬರಿ. ಅಕ್ಕನ ಅಕೌಂಟ್ ಜೋಡಿಸಿ ವಯಸ್ಸು ಸರಿ ಮಾಡಿಸಲು ಇನ್ನೊಂದು ಗಂಟೆ ಹಿಡಿಯಿತು.

ಅದು ಮುಗಿದಮೇಲೆ ಅವಳ ಯೂಸರ್‌ನೇಮ್ ನನ್ನ ಕಣ್ಣಿಗೆ ಬಿತ್ತು. ಅವಳ ಹೆಸರು, ಸ್ಕೂಲಿನ ಹೆಸರಿನ ಮೂರು ಅಕ್ಷರ, ಕೊನೆಗೆ ಹುಟ್ಟಿದ ವರ್ಷ. ಮುಖ ತೋರಿಸಲು ಅಷ್ಟು ಯೋಚಿಸಿದ ನಾವು ಇದನ್ನು ನೋಡಿಯೇ ಇರಲಿಲ್ಲ. "ಬದಲಾಯಿಸೋಣ ಪುಟ್ಟಿ, ಏನಿಡ್ತೀಯಾ?" ಅಂದೆ. ಅವಳು ಕಬ್ಬಿನ ಜಲ್ಲೆ ಕಚ್ಚುತ್ತಾ ಕಿಟಕಿಯಾಚೆ ನೋಡಿದಳು. ಹಿತ್ತಲಲ್ಲಿ ಅವರಜ್ಜ ನೆಟ್ಟ ಸುರಗಿ ಮರ ಇದೆ. ಆ ಹೆಸರನ್ನೇ ಟೈಪ್ ಮಾಡಿದಳು. ಮುಂದೆ ಸಂಖ್ಯೆ ಹಾಕಬೇಕಾಗಿ ಬಂದಾಗ 2011 ಅಂತ ಒತ್ತಲು ಹೋದವಳು ತಾನೇ ಬೆರಳು ಹಿಂದೆಗೆದು, ಮರದ ಕೆಳಗೆ ಕಟ್ಟಿದ್ದ ಕರುಗಳನ್ನು ಎಣಿಸಿ 3 ಅಂತ ಹಾಕಿದಳು.